ಬೆಟ್ಟದ ಪಿರಿಯಡ್

ಜನ್ನಾಪುರ, ಭದ್ರಾವತಿ
16 ನವೆಂಬರ್ 2025, ಭಾನುವಾರ

ಮಗಳೇ ಸ್ಫೂರ್ತಿ,

ಅಮ್ಮನ ಆಶೀರ್ವಾದ. ನಾನೂ ನಿಮ್ಮಪ್ಪನೂ ಇಲ್ಲಿ ಚೆನ್ನಾಗಿದ್ದೇವೆ. ನೀನು ಚೆನ್ನಾಗಿದ್ದೀಯೆಂದು ಪ್ರತಿ ಭಾನುವಾರ ನಾಲ್ಕು ನಿಮಿಷದ ಫೋನಿನಲ್ಲಿ ನೀನೇ ಹೇಳುತ್ತೀಯ. ಇವತ್ತು ಬೆಳಿಗ್ಗೆಯೂ ಹೇಳಿದೆ.

ಈ ಕಾಗದ ತಡವಾದದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮೂರು ವಾರದ ಹಿಂದೆಯೇ ಬರೆಯಬೇಕಿತ್ತು. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹರಿದೆ. ಒಂದರಲ್ಲಿ ಬರೀ ಭೂಗೋಳವಿತ್ತು, ಇನ್ನೊಂದರಲ್ಲಿ ಬರೀ ಅಳು. ಮೂರನೆಯದನ್ನು ನಿಮ್ಮಪ್ಪನಿಗೆ ಓದಲು ಕೊಟ್ಟೆ. ಕನ್ನಡಕ ಮೇಲೇರಿಸಿ, "ಇದು ಮಗಳಿಗೆ ಬರ್ದಿರೋ ಕಾಗದಾನೋ, ಎಸ್ಸೆಸ್ಸೆಲ್ಸಿ ನೋಟ್ಸೋ?" ಎಂದು ಕೇಳಿದರು. ನಾಲ್ಕನೆಯದನ್ನು ಅವರಿಗೆ ತೋರಿಸಲಿಲ್ಲ.

ಹದಿನೆಂಟು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಯಾರಾದರೂ ಅಂಚೆಯಲ್ಲಿ ಕಾಗದ ಹಾಕುತ್ತಾರೆಯೇ ಎಂದು ನಗಬೇಡ. ಫೋನ್ ಹಿಡಿದರೆ ನಾನು ಟೀಚರ್ ಆಗಿಬಿಡುತ್ತೇನೆ. ನಿನ್ನ ವಾಕ್ಯ ಮುಗಿಯುವ ಮೊದಲೇ ನನ್ನ ಉತ್ತರ ಮುಗಿದಿರುತ್ತದೆ. ಆಮೇಲೆ ನೀನು "ಸರಿ ಅಮ್ಮ" ಅನ್ನುತ್ತೀಯ, ಫೋನ್ ಇಡುತ್ತೀಯ. ದಾವಣಗೆರೆಯ ಗಂಡನ ಮನೆ ಬಿಟ್ಟು ಬಂದು ನಿನಗೆ ಎರಡು ವರ್ಷವಾಯಿತು. ನಮ್ಮಲ್ಲಿ ಎರಡು ತಿಂಗಳಿದ್ದು, ವಿಮಾನ ನಿಲ್ದಾಣದ ಕೆಲಸ ಸಿಕ್ಕಿದ್ದೇ ಶಿವಮೊಗ್ಗದಲ್ಲಿ ರೂಮು ಮಾಡಿದೆ. ನಿಲ್ದಾಣವಿರುವ ಸೋಗಾನೆಗೆ ಹತ್ತಿರವಾಗುತ್ತದೆ ಅಂದೆ. ನಕ್ಷೆ ನೋಡುವುದು ನನಗೂ ಬರುತ್ತದೆ ಮಾರಾಯ್ತಿ. ಸೋಗಾನೆ ಭದ್ರಾವತಿಯಿಂದಲೂ ಅಂಥ ದೂರವೇನಲ್ಲ. ಈ ಎರಡು ವರ್ಷದಲ್ಲಿ ಏನು ಅಡುಗೆ, ಮಳೆ ಬಂತೋ ಇಲ್ಲವೋ ಎಂಬುದನ್ನು ಬಿಟ್ಟು ನೀನು ನನಗೆ ಯಾವ ಮಾತನ್ನೂ ಹೇಳಿಲ್ಲ. ನೀನು ಮತ್ತೆ ನನಗೆ ಮನಸ್ಸಿನ ಮಾತು ಹೇಳುವಂತಾಗಬೇಕು. ನನಗೆ ಬೇಕಾಗಿರುವುದು ಅದೊಂದೇ. ಅದನ್ನು ಕೇಳುವ ಮುಂಚೆ ನಾನೇ ನಿನಗೆ ಹೇಳಬೇಕಾದದ್ದು ಒಂದಿದೆ, ಇಪ್ಪತ್ತು ವರ್ಷ ಹಳೆಯದು.

ಎಲ್ಲಿಂದ ಶುರು ಮಾಡಲಿ? ಅಕ್ಟೋಬರ್ ಕೊನೆಯ ಶನಿವಾರದಿಂದಲೇ ಮಾಡುತ್ತೇನೆ. ಅವತ್ತು ನಾನು ಮುಳ್ಳಯ್ಯನಗಿರಿಗೆ ಹೋಗಿಬಂದೆ.

ಹೌದು, ಅರವತ್ತನಾಲ್ಕನೇ ವಯಸ್ಸಿನಲ್ಲಿ, ಮೊದಲನೇ ಸಲ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿ, "ಕರ್ನಾಟಕದ ಅತಿ ಎತ್ತರದ ಶಿಖರ ಯಾವುದು?" ಎಂದು ಸಾವಿರಾರು ಸಲ ಕೇಳಿದವಳು ಅದರ ಬುಡಕ್ಕೂ ಹೋಗಿರಲಿಲ್ಲ. ನಿಮ್ಮಪ್ಪ ಕರೆದಾಗಲೆಲ್ಲ ನನಗೆ ಪೇಪರ್ ತಿದ್ದುವುದಿರುತ್ತಿತ್ತು, ಜನಗಣತಿ ಇರುತ್ತಿತ್ತು, ಇಲ್ಲವೇ ಚುನಾವಣೆ ಡ್ಯೂಟಿ. ಅವರು ಕಾಗದದ ಕಾರ್ಖಾನೆಯ ಮರದ ವಿಭಾಗದಲ್ಲಿದ್ದವರು, ಜೀಪಿನಲ್ಲಿ ನೆಡುತೋಪು ಸುತ್ತಿ ಈ ಸೀಮೆಯ ಬೆಟ್ಟಗುಡ್ಡಗಳನ್ನೆಲ್ಲ ಮೆಟ್ಟಿದವರು. ನಾನು ಮೆಟ್ಟಿದ್ದು ಶಾಲೆಯ ತಾರಸಿಯ ಮೆಟ್ಟಿಲು ಮಾತ್ರ.

ಈ ಸಲ ಹೊರಡಿಸಿದ್ದು ಪಕ್ಕದ ಮನೆ ಪದ್ಮಮ್ಮ. ಅವಳ ಮಗ ದೇವರಾಜ್ ಟ್ಯಾಕ್ಸಿ ಓಡಿಸುವುದು ನಿನಗೆ ಗೊತ್ತಲ್ಲ. ಅವತ್ತು ಬಾಡಿಗೆ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ನಿಮ್ಮಪ್ಪ ಮಾಚೇನಹಳ್ಳಿಯ ವರ್ಕ್‌ಶಾಪಿನ ಸ್ಟೋರ್ ಬಿಟ್ಟು ಬರುವುದಿಲ್ಲ ಅಂದರು. ರಿಟೈರಾದ ಮೇಲೆ ಸಿಕ್ಕ ಈ ಕೆಲಸದ ಮೇಲೆ ಅವರಿಗೆ ಮೊದಲಿನದಕ್ಕಿಂತ ಹೆಚ್ಚು ಪ್ರೀತಿ.

ಮಳೆ ನಿಂತು ವಾರವಾಗಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಊರು ದಾಟುತ್ತಿದ್ದ ಹಾಗೇ ದಕ್ಷಿಣಕ್ಕೆ ನನ್ನ ಬೆಟ್ಟ ಕಂಡಿತು. ನಮ್ಮ ಶಾಲೆಯ ತಾರಸಿಯಿಂದ ಕಾಣುವ ಅದೇ ಬೆಟ್ಟ, ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ, ಆಕಾಶಕ್ಕೆ ಹೆಗಲು ಕೊಟ್ಟು ನಿಂತದ್ದು. ಅದನ್ನು ನೋಡಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ತರೀಕೆರೆ ದಾಟಿದ ಮೇಲೆ ಅದು ಬೆಳೆಯುತ್ತಲೇ ಹೋಯಿತು. ಊರಿಂದ ನೋಡಿದರೆ ನೀಲಿಯಾಗಿರುವುದು ಹತ್ತಿರ ಹೋದಷ್ಟೂ ಹಸಿರಾಗುತ್ತದೆ, ಆಮೇಲೆ ಹಸಿರೇ ಎರಡು ಬಗೆಯಾಗುತ್ತದೆ. ಮಡಿಕೆ ಮಡಿಕೆಗಳಲ್ಲಿ ಕಪ್ಪು ಕಾಡು, ಮೇಲೆ ನೆತ್ತಿಯುದ್ದಕ್ಕೂ ಎಳೆ ಹುಲ್ಲು. ಇದನ್ನು ನಾನು ಪಾಠದಲ್ಲಿ "ಶೋಲಾ ಕಾಡು ಮತ್ತು ಹುಲ್ಲುಗಾವಲು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಮೋಸ ಮಾಡಿದ್ದೆ ಮಕ್ಕಳಿಗೆ. ಅದಕ್ಕೆ ಒಂದು ಪಿರಿಯಡ್ಡಾದರೂ ಬೇಕಿತ್ತು.

ಲಿಂಗದಹಳ್ಳಿ ಬಂತು. ಬೆಟ್ಟ ಬಲಗಡೆ ಕಿಟಕಿಯ ತುಂಬ ನಿಂತಿತ್ತು. ದೇವರಾಜ್ ಗಾಡಿ ನಿಲ್ಲಿಸಲಿಲ್ಲ, ತಿರುಗಿಸಲೂ ಇಲ್ಲ. ಬೆಟ್ಟ ನಿಧಾನವಾಗಿ ಹಿಂದಿನ ಕಿಟಕಿಗೆ ಸರಿಯಿತು. ನನಗೆ ತಡೆಯಲಾಗಲಿಲ್ಲ. "ಲೋ ದೇವರಾಜ, ಮುಳ್ಳಯ್ಯನಗಿರಿ ಹಿಂದೆ ಹೋಯ್ತಲ್ಲೋ" ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅದು ಕೆಮ್ಮಣ್ಣುಗುಂಡಿ ಸೈಡು ಟೀಚರ್. ಮುಳ್ಳಯ್ಯನಗಿರಿ ಚಿಕ್ಕಮಗಳೂರಿಗೆ ಹೋಗಿ ಮೇಲೆ ಹತ್ಬೇಕು. ಇನ್ನೂ ಗಂಟೆ ಮೇಲೆ ದಾರಿ ಐತೆ" ಅಂದ.

ನಾನು ನಕ್ಕೆ. ಕ್ಲಾಸಿನಲ್ಲಿ ತಪ್ಪು ಉತ್ತರ ಹೇಳಿದವರನ್ನು ನೋಡಿ ನಗುತ್ತಿದ್ದೆನಲ್ಲ, ಅದೇ ನಗು. ರಸ್ತೆ ಸುತ್ತಿಕೊಂಡು ಹೋಗಿ ಅದೇ ಬೆಟ್ಟವನ್ನು ಹಿಂದಿನಿಂದ ಹತ್ತುತ್ತದೆ ಕಣೋ, ನೀನು ರಸ್ತೆ ನೋಡಿ ಹೇಳ್ತೀಯ, ನಾನು ನಕ್ಷೆ ನೋಡಿ ಹೇಳ್ತೀನಿ ಎಂದು ವಿವರಿಸಿದೆ. ಅವನು ವಾದ ಮಾಡಲಿಲ್ಲ. ಪದ್ಮಮ್ಮ ಚೀಲದಿಂದ ಬಾಳೆಹಣ್ಣು ತೆಗೆದು ನನ್ನ ಕೈಗಿತ್ತಳು. ಬಾಯಿ ಮುಚ್ಚಿಸಲು ಕೊಟ್ಟಳು ಎಂದು ಈಗ ಅನ್ನಿಸುತ್ತದೆ.

ಚಿಕ್ಕಮಗಳೂರು ದಾಟಿ, ಕಾಫಿ ತೋಟಗಳ ನಡುವೆ ತಿರುವಿನ ಮೇಲೆ ತಿರುವು ಹತ್ತಿ, ಕೊನೆಗೆ ಗಾಡಿ ಹೋಗುವಷ್ಟು ಹೋಗಿ ಇಳಿದೆವು. ಅಲ್ಲಿಂದ ಮೆಟ್ಟಿಲು. ಪದ್ಮಮ್ಮ ಇಪ್ಪತ್ತು ಮೆಟ್ಟಿಲಿಗೊಮ್ಮೆ "ಶಿವನೇ" ಎಂದು ಕೂರುತ್ತಿದ್ದಳು, ನನ್ನ ಮಂಡಿಯೂ ಅವಳ ಜೊತೆಗೆ ಕೂರುತ್ತಿತ್ತು. ಗಾಳಿ ಸೆರಗನ್ನು ಕೈಗೆ ಸಿಗದ ಹಾಗೆ ಎಳೆದಾಡಿತು. ಮೇಲೆ ಹೋಗಿ ಮುಳ್ಳಪ್ಪ ಸ್ವಾಮಿಯ ಗದ್ದುಗೆಗೆ ಹಣೆ ಹಚ್ಚಿ, ವಿಭೂತಿ ಇಟ್ಟುಕೊಂಡು ಹೊರಗೆ ಬಂದು ತಿರುಗಿ ನೋಡಿದೆ.

ಸ್ಫೂರ್ತಿ, ಏನು ಬರೆಯಲಿ. ಭೂಮಿ ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಪೂರ್ವಕ್ಕೆ ಬೆಟ್ಟ ಕಡಿದು ಬಿದ್ದ ಹಾಗೆ ಇಳಿದು, ಕಡೂರಿನ ಬಯಲು ಕಂದು ಬಣ್ಣದಲ್ಲಿ ಹಾಸಿಕೊಂಡಿತ್ತು. ಅದರ ನಡುನಡುವೆ ಕೆರೆಗಳು. ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲುಗಳು ಒಂದರ ಹಿಂದೆ ಒಂದು, ಒಂದಕ್ಕಿಂತ ಒಂದು ತೆಳುವಾಗಿ, ಕೊನೆಯದು ಬೆಟ್ಟವೋ ಮೋಡವೋ ತಿಳಿಯದ ಹಾಗೆ. ಕುದುರೆಮುಖ ಆ ಕಡೆ ಎಂದು ಯಾರೋ ಕೈ ತೋರಿಸಿದರು. ಇನ್ನೊಬ್ಬರು ಸಮುದ್ರವೂ ಕಾಣುತ್ತದೆ ಅಂದರು. ನನಗೆ ಕಾಣಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಆ ಪಶ್ಚಿಮದ ಮಳೆ, ಆ ಕಾಡು, ಅಲ್ಲೇ ಹುಟ್ಟುವ ತುಂಗೆ ಭದ್ರೆಯರು ಬೇರೆ ಬೇರೆ ದಾರಿ ಹಿಡಿದು ನಮ್ಮ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರುವುದು. ಇದನ್ನೆಲ್ಲ ನಾನು ಬಾಯಿಪಾಠ ಹೇಳಬಲ್ಲೆ. ಆದರೆ ಅವೆಲ್ಲ ಒಂದೇ ಸಲಕ್ಕೆ, ಒಂದೇ ನೋಟದಲ್ಲಿ ಇರುತ್ತವೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನು ಅವುಗಳನ್ನು ಪ್ರಶ್ನೆ ಪ್ರಶ್ನೆಯಾಗಿ ಕಲಿಸಿದ್ದೆ.

ಆಮೇಲೆ ಉತ್ತರಕ್ಕೆ ತಿರುಗಿದೆ. ನಮ್ಮೂರನ್ನು ನೋಡಬೇಕಿತ್ತು. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ಬೆರಳು ತೋರಿಸಿದ್ದೇನೆ, ಇವತ್ತು ಇಲ್ಲಿಂದ ಅಲ್ಲಿಗೆ ತೋರಿಸಬೇಕು ಎಂಬುದು ನನ್ನ ಆಸೆ.

ಕಾಲ ಕೆಳಗೆ ಆಳವಾದ ಕಣಿವೆ. ಅದು ಜಾಗರ ಕಣಿವೆ, ಬಾಣಲೆಯ ಹಾಗೆ ಕಾಡನ್ನು ತುಂಬಿಕೊಂಡಿತ್ತು. ಕಣಿವೆಯ ಆಚೆ ದಡದಲ್ಲಿ, ಬಹಳ ದೂರಕ್ಕೆ, ಇನ್ನೊಂದು ಬೆಟ್ಟದ ಸಾಲು ಅಡ್ಡ ನಿಂತಿತ್ತು. ಅದರಲ್ಲಿ ಒಂದು ಎತ್ತರದ ತಲೆ, ಹೆಗಲು ಕೊಟ್ಟು ನಿಂತದ್ದು. ನಾನು ಬೆಳಿಗ್ಗೆ ಲಿಂಗದಹಳ್ಳಿಯಲ್ಲಿ ಕಿಟಕಿಯಿಂದ ನೋಡಿದ್ದೇ ಅದು. ಈಗ ಅದರ ಬೆನ್ನು ಕಾಣುತ್ತಿತ್ತು. ಭದ್ರಾವತಿ ಎಲ್ಲೋ ಎಂದು ದೇವರಾಜನನ್ನು ಕೇಳಿದೆ. ಅವನು ಬಹಳ ಮೆತ್ತಗೆ, "ಆ ಬೆಟ್ಟದ ಹಿಂದ್ಗಡೆ ಟೀಚರ್" ಅಂದ.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ನಿನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನೀನು ಇದನ್ನು ಹದಿಮೂರನೇ ವಯಸ್ಸಿನಲ್ಲೇ ನನಗೆ ಹೇಳಿದ್ದೆ.

ಬೆಟ್ಟದ ಪಿರಿಯಡ್ ನಿನಗೆ ಮರೆತಿರಲಾರದು. ಪ್ರತಿ ವರ್ಷ ದಸರಾ ರಜೆ ಮುಗಿದ ಮೇಲೆ, ಮೋಡವಿಲ್ಲದ ಮೊದಲ ದಿನ, ಎಂಟನೇ ಕ್ಲಾಸಿನವರನ್ನು ತಾರಸಿಗೆ ಕರೆದುಕೊಂಡು ಹೋಗುವುದು. ಆ ಪದ್ಧತಿ ನನಗೆ ಬಂದದ್ದು ನಮ್ಮ ಹಳೆಯ ಹೆಡ್‌ಮಾಸ್ಟರ್ ಜಂಬಣ್ಣನವರಿಂದ. ನಾನು ಕೆಲಸಕ್ಕೆ ಸೇರಿದ ವರ್ಷ ಅವರೇ ನನ್ನನ್ನು ಮೇಲೆ ಕರೆದುಕೊಂಡು ಹೋಗಿ, ಕೋಲಿನಿಂದ ಆ ಎತ್ತರದ ಬೆಟ್ಟ ತೋರಿಸಿ, "ಅದೇ ಮುಳ್ಳಯ್ಯನಗಿರಿ ಕಣಮ್ಮ, ನಮ್ಮ ಮಕ್ಕಳ ಪುಣ್ಯ, ಶಾಲೆಯಿಂದಲೇ ಕಾಣುತ್ತೆ" ಅಂದಿದ್ದರು. ನಾನು ಅದನ್ನು ಮೂವತ್ತು ವರ್ಷ ಹಾಗೆಯೇ ಮುಂದುವರಿಸಿದೆ. ಸಾವಿರದ ಒಂಬೈನೂರ ಮೂವತ್ತು ಮೀಟರ್ ಎಂದು ನಾನು ಅನ್ನುವುದು, ಮಕ್ಕಳು ಬಾಯಿ ತೆರೆದು ನೋಡುವುದು.

ನಗು ಬರುವುದು ಯಾವುದಕ್ಕೆ ಗೊತ್ತೇ? ಚಂದ್ರದ್ರೋಣ ಪರ್ವತ ಕುದುರೆ ಲಾಳದ ಆಕಾರದಲ್ಲಿದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಾನೇ. ಲಾಳದ ಉತ್ತರದ ತೋಳಿಗೆ ಕೆಮ್ಮಣ್ಣುಗುಂಡಿ ಎಂದು, ದಕ್ಷಿಣದ ತೋಳಿಗೆ ಮುಳ್ಳಯ್ಯನಗಿರಿ ಎಂದು ಚುಕ್ಕೆ ಇಡುತ್ತಿದ್ದವಳೂ ನಾನೇ. ನಮ್ಮೂರು ಇರುವುದು ಉತ್ತರಕ್ಕೆ. ಬೋರ್ಡಿನ ಮುಂದೆ ನಿಂತಾಗ ಇದೆಲ್ಲ ಗೊತ್ತಿರುತ್ತಿತ್ತು. ತಾರಸಿಗೆ ಹೋದ ಕೂಡಲೇ, ಕಣ್ಣಿಗೆ ಎತ್ತರ ಕಂಡದ್ದೇ ಎತ್ತರದ್ದು ಎಂದುಕೊಳ್ಳುತ್ತಿದ್ದೆ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ ಎಂದು ಮಗುವಿಗೂ ಗೊತ್ತು, ಭೂಗೋಳದ ಟೀಚರಿಗೆ ಗೊತ್ತಿರಲಿಲ್ಲ.

ಇದಕ್ಕೆ ನೀತಿಪಾಠ ಸೇರಿಸಬೇಕೆಂದು ಕೈ ತುರಿಸುತ್ತಿದೆ. ಸೇರಿಸುವುದಿಲ್ಲ.

2005ನೇ ಇಸವಿ, ನಿನ್ನ ಎಂಟನೇ ಕ್ಲಾಸು. ಆ ದಸರಾ ರಜೆಯಲ್ಲಿ ನಿಮ್ಮಪ್ಪ ನಿನ್ನನ್ನು ಜೀಪಿನಲ್ಲಿ ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗಿದ್ದರು. ಎಂದಿನಂತೆ ನನಗೆ ಪೇಪರ್ ತಿದ್ದುವುದಿತ್ತು. ರಜೆ ಮುಗಿದ ಮೂರನೇ ದಿನವೋ ನಾಲ್ಕನೇ ದಿನವೋ ನಲವತ್ತೆರಡು ಹುಡುಗಿಯರನ್ನು ತಾರಸಿಯಲ್ಲಿ ನಿಲ್ಲಿಸಿ, ಅದು ಯಾವ ಬೆಟ್ಟ ಎಂದು ಕೇಳಿದೆ. ಎಲ್ಲರೂ ಒಂದೇ ಸ್ವರದಲ್ಲಿ ಮುಳ್ಳಯ್ಯನಗಿರಿ ಅಂದರು. ನೀನು ಕೈ ಎತ್ತಿದೆ.

"ಅದಲ್ಲ ಮಿಸ್. ನಾನು ಅಪ್ಪನ ಜೊತೆ ಆ ಬೆಟ್ಟದ ಮೇಲೇ ನಿಂತಿದ್ದೆ. ಮುಳ್ಳಯ್ಯನಗಿರಿ ಕಣಿವೆ ಆಚೆಗಿತ್ತು. ಭದ್ರಾವತಿ ನನ್ನ ಬೆನ್ನ ಹಿಂದಿತ್ತು."

ಈ ಮಾತುಗಳನ್ನು ಈ ಮೂರು ವಾರದಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ. ಎಷ್ಟು ಚೊಕ್ಕವಾಗಿ ಹೇಳಿದ್ದೆ ಮಗಳೇ. ಎಲ್ಲಿ ನಿಂತೆ, ಎದುರಿಗೆ ಏನಿತ್ತು, ಬೆನ್ನಿಗೆ ಏನಿತ್ತು, ಅಷ್ಟೇ. ಅಳೆದು ನಕ್ಷೆ ಮಾಡುವವರಿಗೂ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಇಡೀ ಶಾಲೆಯಲ್ಲಿ ಭೂಗೋಳ ಬರುತ್ತಿದ್ದದ್ದು ಅವತ್ತು ನಿನಗೊಬ್ಬಳಿಗೆ. ಅಂಥ ವಿದ್ಯಾರ್ಥಿನಿ ಸಿಕ್ಕಳೆಂದು ನಾನು ಊರೆಲ್ಲ ಹೇಳಿಕೊಂಡು ಬರಬೇಕಿತ್ತು.

ನಾನು ಏನು ಮಾಡಿದೆ ಎಂದು ನಿನಗೆ ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ತಪ್ಪಿಸಿಕೊಂಡ ಹಾಗಾಗುತ್ತದೆ. ಹುಡುಗಿಯರು ಕಿಸಕ್ಕನೆ ನಕ್ಕರು. ಟೀಚರ್ ಮಗಳು ಅಂತ ಬಿಟ್ಟರೆ ನಾಳೆ ಎಲ್ಲರೂ ಎದುರು ಮಾತಾಡುತ್ತಾರೆ ಎಂದು ನನ್ನ ತಲೆಯಲ್ಲಿ ಓಡಿತು. ಪಿರಿಯಡ್ ಮುಗಿಯುವವರೆಗೆ ನಿನ್ನನ್ನು ಬಿಸಿಲಿನಲ್ಲಿ ಪಕ್ಕಕ್ಕೆ ನಿಲ್ಲಿಸಿದೆ. "ನಮ್ಮ ಶಾಲೆಯಿಂದ ಮುಳ್ಳಯ್ಯನಗಿರಿ ಕಾಣುತ್ತದೆ" ಎಂದು ಐವತ್ತು ಸಲ ಬರೆಸಿದೆ. ಅಷ್ಟು ಸಾಲದೆಂದು ಮರುದಿನ ಕ್ಲಾಸಿನ ಮುಂದೆ ಕರೆದು, "ನಾನು ಸುಳ್ಳು ಹೇಳಿದೆ" ಎಂದು ನಿನ್ನ ಬಾಯಿಂದಲೇ ಹೇಳಿಸಿದೆ. ನೀನು ಅಳಲಿಲ್ಲ. ಹೇಳಿ ಹೋಗಿ ನಿನ್ನ ಜಾಗದಲ್ಲಿ ಕೂತೆ. ವಾರ್ಷಿಕ ಪರೀಕ್ಷೆಯಲ್ಲಿ ನಾನು ಬೇಕೆಂದೇ, ಶಾಲೆಯಿಂದ ಕಾಣುವ ಬೆಟ್ಟ ಯಾವುದು ಎಂಬ ಅದೇ ಪ್ರಶ್ನೆ ಕೊಟ್ಟೆ. ನೀನು ಮುಳ್ಳಯ್ಯನಗಿರಿ ಎಂದು ದುಂಡಾಗಿ ಬರೆದಿದ್ದೆ. ಮಗಳು ತಿದ್ದಿಕೊಂಡಳು ಎಂದು ಹಿಗ್ಗಿ ಪೂರ್ತಿ ಅಂಕ ಕೊಟ್ಟೆ.

ವಾಪಸ್ಸು ಬರುವಾಗ ಪದ್ಮಮ್ಮನನ್ನು ಕೇಳಿದೆ, ಆ ಬೆಟ್ಟ ಕೆಮ್ಮಣ್ಣುಗುಂಡಿಯದೆಂದು ನಿನಗೆ ಗೊತ್ತಿತ್ತೇನೇ ಎಂದು. ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ನಮ್ಮೂರ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದೇ ಅಲ್ಲಿಂದ. ಅವಳ ಮಾವ ಜಯಪ್ಪನವರು ಅಲ್ಲೇ ಕೆಂಪು ಮಣ್ಣು ತೋಡಿ ಬದುಕಿದವರು. "ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" ಎಂದರೆ, "ಟೀಚ್ರು ಹೇಳಿದ್ಮೇಲೆ ನಾವೇನ್ ಹೇಳಾದು" ಅಂದಳು.

ಮನೆಗೆ ಬಂದು ನಿಮ್ಮಪ್ಪನನ್ನು ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ, "ಗೊತ್ತಿತ್ತು. ಮಗು ಅವತ್ತು ಬಂದು ಹೇಳ್ತು. ನಿನ್ನ ಮರ್ಯಾದೆ ಹೋಗುತ್ತೆ ಅಂತ ನಾನೇ ಸುಮ್ನಿರು ಅಂದೆ. ಅಮ್ಮ ಹೇಳಿದ್ದೇ ಸರಿ ಅನ್ನು ಅಂದೆ" ಎಂದರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ, ನಾನು ಸಿಟ್ಟು ಮಾಡಿಕೊಳ್ಳುತ್ತೇನೆಂಬ ಹೆದರಿಕೆಗೇ ಈ ಮನೆಯಲ್ಲಿ ಎಲ್ಲರೂ ಸುಮ್ಮನಿದ್ದದ್ದು ಎಂದು ಅನ್ನಿಸಿ ನಾನೇ ಹೋಗಿ ಮಾತಾಡಿಸಿದೆ.

ಆ ವಾರವೇ ಶಾಲೆಗೆ ಹೋದೆ. ಈಗ ಅಲ್ಲಿ ಭೂಗೋಳ ಪಾಠ ಮಾಡುವುದು ನಿನ್ನ ಕ್ಲಾಸಿನ ಅನುಷಾ, ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವಳು. ನನ್ನ ಹಾಗೇ ಕಾಟನ್ ಸೀರೆ, ನನ್ನ ಹಾಗೇ ಕೈಯಲ್ಲಿ ಕೋಲು. ಬೆಟ್ಟದ ಪಿರಿಯಡ್ ಇನ್ನೂ ನಡೆಸುತ್ತೀಯೇನೇ ಎಂದೆ. ನಾಳಿದ್ದೇ ಮಿಸ್, ಬನ್ನಿ ಅಂದಳು. ಅದು ಮುಳ್ಳಯ್ಯನಗಿರಿಯಲ್ಲ ಎಂದು ನಾನು ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಅವಳಿಗೂ ಗೊತ್ತಂತೆ. ಬಿ.ಎಡ್. ಮಾಡುವಾಗ ಗೊತ್ತಾಯಿತಂತೆ. "ನೀವು ಹೇಳ್ಕೊಟ್ಟಿದ್ದು ಮಿಸ್, ಹೆಂಗೆ ಬದಲಾಯ್ಸೋದು ಅಂತ ಹಂಗೇ ಹೇಳ್ತಿದ್ದೀನಿ" ಎಂದಳು. ನೋಡು ಮಗಳೇ, ನನ್ನ ಮೇಲಿನ ಗೌರವಕ್ಕೆ ಇನ್ನೂ ಐವತ್ತು ಹುಡುಗಿಯರು ತಪ್ಪು ಕಲಿಯುತ್ತಿದ್ದರು.

ಎರಡು ದಿನ ಬಿಟ್ಟು ತಾರಸಿಗೆ ಹೋದೆ. ಬೆಟ್ಟ ಎಂದಿನ ಹಾಗೇ ಇತ್ತು, ಎಷ್ಟು ಚೆಂದ. ತಪ್ಪು ಹೆಸರಿಟ್ಟು ಕರೆದದ್ದಕ್ಕೆ ಅದೇನೂ ಬೇಸರಪಟ್ಟುಕೊಂಡ ಹಾಗಿರಲಿಲ್ಲ. ಹುಡುಗಿಯರಿಗೆ ಎಲ್ಲವನ್ನೂ ಹೇಳಿದೆ. ಇದು ಕೆಮ್ಮಣ್ಣುಗುಂಡಿಯ ಬೆಟ್ಟ, ನಮ್ಮೂರ ಕಬ್ಬಿಣ ಇದರ ಹೊಟ್ಟೆಯದು, ಇದರ ಹಿಂದೆ ಕಣಿವೆ, ಕಣಿವೆಯಾಚೆ ಮುಳ್ಳಯ್ಯನಗಿರಿ ಎಂದೆ. ಅದು ಇಲ್ಲಿಂದ ಒಂದು ಚೂರಾದರೂ ಕಾಣುತ್ತದೆಯೇ ಎಂದು ಒಬ್ಬಳು ಕೇಳಿದಳು. ನನಗೆ ಗೊತ್ತಿಲ್ಲ, ನೀವೇ ಕಂಡುಹಿಡಿದು ನನಗೆ ಹೇಳಿ ಎಂದೆ. ಗೊತ್ತಿಲ್ಲ ಎಂದು ಕ್ಲಾಸಿನ ಮುಂದೆ ನಾನು ಹೇಳಿದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಆಮೇಲೆ, ಇಪ್ಪತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ನನ್ನ ಮಗಳು ಸರಿಯಾದ ಉತ್ತರ ಹೇಳಿದ್ದಳು, ನಾನು ಅವಳ ಬಾಯಿಂದ "ಸುಳ್ಳು ಹೇಳಿದೆ" ಎಂದು ಹೇಳಿಸಿದೆ ಎಂದೆ. ಅನುಷಾ ತಲೆ ತಗ್ಗಿಸಿ ನಿಂತಿದ್ದಳು.

ಮುಂದಿನ ಸಾಲಿನಲ್ಲಿದ್ದ ಒಬ್ಬಳು ಜಡೆಯ ಹುಡುಗಿ ಕೈ ಎತ್ತಿದಳು. ಹೆಸರು ಸುಪ್ರಿಯಾ ಅಂತೆ. "ಅವರಿಗೆ ಸಾರಿ ಹೇಳಿದ್ರಾ ಮಿಸ್?" ಎಂದು ಕೇಳಿದಳು.

ಇನ್ನೂ ಇಲ್ಲ ಎಂದೆ.

ಈಗ ಹೇಳುತ್ತಿದ್ದೇನೆ. ಸ್ಫೂರ್ತಿ, ನೀನು ಹೇಳಿದ್ದು ಸರಿಯಿತ್ತು. ತಪ್ಪು ನನ್ನದು. ನಿನ್ನ ಬಾಯಿಂದ ಸುಳ್ಳು ಹೇಳಿಸಿದವಳು ನಾನು. ನನ್ನನ್ನು ಕ್ಷಮಿಸು ಎಂದು ತಾಯಿ ಮಗಳಿಗೆ ಬರೆಯಬಹುದೋ ಇಲ್ಲವೋ, ನಾನು ಬರೆಯುತ್ತಿ‌ದ್ದೇನೆ.

ಇನ್ನು ಊರ ಸುದ್ದಿ. ಪದ್ಮಮ್ಮ ನಿನಗೆಂದು ಮಿಡಿ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ನಿಮ್ಮಪ್ಪ ಮುಂದಿನ ತಿಂಗಳು ನನ್ನನ್ನು ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗುತ್ತಾರಂತೆ. ನೀವಿಬ್ಬರೂ ಅವತ್ತು ನಿಂತ ಜಾಗ ಅವರಿಗೆ ನೆನಪಿದೆಯಂತೆ. ನಿನಗೆ ರಜೆ ಇದ್ದು, ಬರಬೇಕೆನ್ನಿಸಿದರೆ ಬಾ. ಬೇಡ ಅನ್ನಿಸಿದರೆ ಬೇಡ ಎಂದೇ ಬರೆ. "ಸರಿ ಅಮ್ಮ" ಅಂದು ಆಮೇಲೆ ಡ್ಯೂಟಿ ಬಂತು ಅನ್ನಬೇಡ. ನಿನ್ನ ಬೇಡವನ್ನು ಕೇಳಿಸಿಕೊಳ್ಳುವುದನ್ನು ನಾನು ಕಲಿಯಬೇಕಾಗಿದೆ.

ಚಳಿ ಶುರುವಾಗಿದೆ. ಬೆಳಗಿನ ಡ್ಯೂಟಿಗೆ ಹೋಗುವಾಗ ಕಿವಿಗೆ ಏನಾದರೂ ಕಟ್ಟಿಕೋ. ಆ ಬೆಟ್ಟದ ಅಜ್ಜ ಮುಳ್ಳಪ್ಪ ಸ್ವಾಮಿ ನಿನ್ನನ್ನು ತಂಪಾಗಿಟ್ಟಿರಲಿ, ನಿನ್ನ ಕಣ್ಣಿಗೆ ಕಂಡದ್ದನ್ನು ಹೇಳುವ ಧೈರ್ಯ ನಿನಗೆ ಯಾವತ್ತೂ ಇರಲಿ.

ನಿನ್ನ ಅಮ್ಮ,
ಜಗದಾಂಬಾ

ತಾ.ಕ.: ಕಾಗದ ಮಡಿಚಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ವ್ಯರ್ಥ.

ನೀನು ಎರಡು ಬ್ಯಾಗು ಹಿಡಿದು ದಾವಣಗೆರೆಯಿಂದ ಬಂದ ದಿನ, ಇಷ್ಟು ವರ್ಷ ಒಂದು ಮಾತು ನಮಗೆ ಹೇಳಬಾರದಿತ್ತೇ ಎಂದು ನಾನು ಬಾಗಿಲಲ್ಲೇ ಕೇಳಿದೆ. ನೀನು "ಹೇಳಿದ್ದೆ ಅಮ್ಮ" ಅಂದೆ. ಇಲ್ಲ, ನೀನು ಹೇಳೇ ಇಲ್ಲ ಎಂದು ನಾನು ಜಗಳಕ್ಕೇ ನಿಂತೆ. ನೆಂಟರಿಗೆಲ್ಲ ಹಾಗೆಯೇ ಹೇಳಿದೆ. ಬೆಟ್ಟದಿಂದ ವಾಪಸ್ಸು ಬರುವಾಗ, ತರೀಕೆರೆ ಹತ್ತಿರ, ಕಣ್ಣು ಮುಚ್ಚಿ ಕೂತಿದ್ದಾಗ ಅದು ನೆನಪಿಗೆ ಬಂತು. ಮದುವೆಯ ಮರುವರ್ಷದ ಗೌರಿ ಹಬ್ಬ. ಅಡುಗೆಮನೆಯಲ್ಲಿ ನೀನು ಹೋಳಿಗೆಯ ಹೂರಣ ಉಂಡೆ ಕಟ್ಟುತ್ತಿದ್ದೆ. ತಲೆ ಎತ್ತದೆ, "ಅವ್ರು ನನಗೆ ಹೊಡೀತಾರಮ್ಮ" ಅಂದೆ. ನಾನು ಒಲೆಯ ಮುಂದಿದ್ದೆ. "ಹಬ್ಬದ ದಿನ ಇಲ್ಲದ್ದೆಲ್ಲ ಹೇಳ್ಬೇಡ" ಎಂದೆ. ನೀನು ಇನ್ನೊಂದು ಉಂಡೆ ಕಟ್ಟಿಟ್ಟು, "ಇಲ್ಲಮ್ಮ, ಸುಮ್ನೆ ಹೇಳ್ದೆ" ಅಂದೆ.

ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ. ನಿನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ. ಅದಾದ ಮೇಲೆ ನಾಲ್ಕು ವರ್ಷ ನೀನು ಆ ಮನೆಯಲ್ಲಿದ್ದೆ.